ಉಪವಾಸ ಕೂತ ಹಡಗಿನ ಗಡಿಯಾರ

ಗಡಿಯಾರ ರಿಪೇರಿ ಮಾಡುವವನ ಕೈಯಲ್ಲಿ ಗಡಿಯಾರ ಇರುತ್ತದೆ ಎಂದು ನಿಮಗೆ ಯಾರು ಹೇಳಿದರು? ನನ್ನದು ನಾರಾಯಣಪೇಟೆಯ ಅಂಗಡಿಯಲ್ಲೇ ಉಳಿದಿತ್ತು. ತಂಗಿ ಬಾಲಮ್ಮನನ್ನು ನೋಡಲು ಮಕ್ತಲಕ್ಕೆ ಬಂದವನು, ನಲವತ್ತೆಂಟರ ಪೊಲೀಸ್ ಆಕ್ಷನ್ ಶುರುವಾಗಿ ಬಸ್ಸು ನಿಂತದ್ದರಿಂದ ಅಲ್ಲೇ ಸಿಕ್ಕಿಬಿದ್ದಿದ್ದೆ. ಕಚೇರಿಯಲ್ಲಿ ಗಂಟೆ ಬಾರಿಸುವವನು ಓಡಿಹೋಗಿದ್ದ. ಟಪಾಲು ಕಚೇರಿಗೆ ಬೀಗ. ಆಕಾಶದ ತುಂಬ ಮೋಡ. ಹೊತ್ತು ಎಷ್ಟಾಯಿತೆಂದು ಹೇಳುವ ಒಬ್ಬ ಮಗನೂ ಊರಲ್ಲಿರಲಿಲ್ಲ.

ಗುರುವಾರ ಬೆಳಕು ಹರಿಯುತ್ತಲೇ ಅರ್ಚಕ ರಾಘಣ್ಣ ಬಂದು ಬಾಗಿಲು ಬಡಿದರು.

"ಶಿವಯ್ಯಾ, ಜಲ್ದಿ ಬಾ! ಹಡಗಿನ ಗಡಿಯಾರ ನಿಂತಬಿಟ್ಟದ. ಅವ್ವ ಉಳಿಯಂಗಿಲ್ಲೋ!"

ಅವರ ತಾಯಿ ಭೀಮಾಬಾಯಿಗೆ ಎಪ್ಪತ್ತೆಂಟು, ಕಣ್ಣು ಕಾಣುವುದಿಲ್ಲ. ಮಂಗಳವಾರ ಏಕಾದಶಿ, ಬುಧವಾರ ಶ್ರವಣ ದ್ವಾದಶಿ, ಎರಡು ದಿನ ಹನಿ ನೀರೂ ಮುಟ್ಟಿರಲಿಲ್ಲ. ಪಂಚಾಂಗದ ಪ್ರಕಾರ ಆ ದಿನ ಆರೂ ಐವತ್ತರಿಂದ ಏಳೂವರೆಯೊಳಗೆ ಪಾರಣೆ, ಉಪವಾಸ ಬಿಡುವ ಗಳಿಗೆ. ಗಳಿಗೆ ಮೀರಿದರೆ ಮರುದಿನದವರೆಗೂ ತುಟಿ ತೆರೆಯದ ಮುದುಕಿ ಅದು. ಇನ್ನೊಂದು ದಿನ ತಾಳುವ ಜೀವ ಅದಾಗಿರಲಿಲ್ಲ.

"ಅಲ್ರೀ, ದಿನಾ ಕೀಲಿ ಕೊಡ್ತೀರಿ, ಹ್ಯಾಂಗ ನಿಂತಿತು?" ಎಂದೆ, ಓಡುತ್ತಲೇ.

"ಉಪವಾಸದ ದಿನ ಕೊಡಂಗಿಲ್ಲ. ಮುತ್ಯಾ ಹಾಕಿಕೊಟ್ಟ ಪದ್ಧತಿ. ನಾವು ಉಪವಾಸ ಇದ್ದಾಗ ಅದಕ್ಕ್ಯಾಕ ಊಟ?"

"ಹಿತ್ತಾಳಿಗೂ ಏಕಾದಶಿ ಏನ್ರೀ ಸ್ವಾಮಿ!" ಎಂದು ತಲೆ ಚಚ್ಚಿಕೊಂಡೆ.

ಮುಂಬಯಿ ಬಂದರಿನಲ್ಲಿ ಗುಮಾಸ್ತರಾಗಿದ್ದ ಆ ಅಜ್ಜ, ಒಡೆದ ಹಡಗಿನಿಂದ ಹರಾಜಿಗೆ ಬಂದ ಗಡಿಯಾರವನ್ನು ಕೊಂಡು ತಂದಿದ್ದರಂತೆ. ಒಮ್ಮೆ ಕೀಲಿ ಕೊಟ್ಟರೆ ಐವತ್ತಾರು ತಾಸು ನಡೆಯುವ ಯಂತ್ರ. ಹಾಗಾಗಿ ಒಂದು ದಿನದ ಉಪವಾಸ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಈ ಸಲ ಎರಡು ಒಟ್ಟಿಗೆ ಬಂದವು. ಸೋಮವಾರ ಬೆಳಿಗ್ಗೆ ಏಳಕ್ಕೆ ಕೀಲಿ ಕೊಟ್ಟದ್ದು, ಬುಧವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನಿಂತಿತ್ತು.

ರಾಘಣ್ಣ ಪೆಟ್ಟಿಗೆಯನ್ನು ಪಡಸಾಲೆಗೆ ತಂದಿಟ್ಟರು. ಹಡಗು ಹೊಯ್ದಾಡಿದರೂ ಅಲುಗದಂತೆ ಎರಡು ಹಿತ್ತಾಳೆ ಬಳೆಗಳ ನಡುವೆ ತೂಗುವ ಗಡಿಯಾರ. ಮುಚ್ಚಳದ ಒಳಮೈಗೆ ಹಳದಿ ಚೀಟಿಗಳು. 1862, ಲಂಡನ್: ಎಣ್ಣೆ ಹಾಕಿದೆ. 1874, ಏಡನ್: ತೊಳೆದೆ, ದಿನಕ್ಕೆ ಅರ್ಧ ಸೆಕೆಂಡು ಹಿಂದೆ. 1889, ಕೊಲಂಬೊ: ಸ್ಪ್ರಿಂಗು ಬದಲಿಸಿದೆ, ದಿನಕ್ಕೆ ಒಂದು ಸೆಕೆಂಡು ಮುಂದೆ. ನಾನು ಕಾಣದ ಸಮುದ್ರಗಳು, ನಾನು ಕಾಣದ ಕೈಗಳು. ಎಲ್ಲರೂ ಸಹಿ ಹಾಕಿ ತಪ್ಪು ಒಪ್ಪಿಕೊಂಡಿದ್ದರು.

"ಏಳು ಗಂಟೆ ಅಂತ ಇಟ್ಟು ಚಾಲೂ ಮಾಡು," ರಾಘಣ್ಣ ಪಿಸುಗುಟ್ಟಿದರು. "ಅವ್ವಗ ಗೊತ್ತಾಗಂಗಿಲ್ಲ."

ಕೀಲಿಗೆ ಕೈ ಹಾಕಿದವನು ಹಿಂದೆಗೆದೆ. ಏಡನ್ನಿನ ಪುಣ್ಯಾತ್ಮ ಅರ್ಧ ಸೆಕೆಂಡು ಮುಚ್ಚಿಟ್ಟಿರಲಿಲ್ಲ. ನಾನು ಅರ್ಧ ತಾಸೋ ಒಂದು ತಾಸೋ ನುಂಗಲೇ? ಎದ್ದು ನಡುಮನೆಯ ಬಾಗಿಲಲ್ಲಿ ನಿಂತೆ.

"ಅವ್ವಾರೇ, ಗಡಿಯಾರ ನಿಂತೈತ್ರೀ. ಈಗ ಟೈಮೆಷ್ಟು ನನಗ ಗೊತ್ತಿಲ್ರೀ."

ಒಳಗೆ ತುಳಸಿ ಸರ ಎಣಿಸುತ್ತ ಕೂತಿದ್ದ ಭೀಮಾಬಾಯಿ ಮುಖ ಎತ್ತಿದರು. "ನಿಂತದ್ದು ನನಗ ಗೊತ್ತಿಲ್ಲೇನು? ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ಆವಾಗಿಂದ ಜಪಕ್ಕ ಕೂತೀನಿ. ನೂರಾ ಎಂಬತ್ತೆಂಟು ಸರ ಆತು. ಬೀಜ ಎಣಿಸು ಬೇಕಾದರ."

ಪಕ್ಕದಲ್ಲಿ ಹುಣಸೆ ಬೀಜದ ಗುಡ್ಡೆ. ಸರಕ್ಕೊಂದು ಬೀಜ.

"ನಲವತ್ತು ವರ್ಷ ಆ ಗಡಿಯಾರದ ಎದುರಿಗೇ ಜಪ ಮಾಡೀನಿ," ಎಂದರು. "ಸರಕ್ಕ ಐದು ನಿಮಿಷ. ಹೆಚ್ಚಿಲ್ಲ, ಕಡಿಮಿಲ್ಲ."

"ಹೇಳಬಾರದೇನವ್ವಾ!" ರಾಘಣ್ಣನಿಗೆ ಅಳುವೇ ಬಂತು.

"ಯಾರು ಕೇಳಿದ್ರಿ? ಮಗ ಮುಚ್ಚಿಡ್ಲಿಕ್ಕೆ ಹೊಂಟಾನ, ನಾ ಯಾಕ ಬಾಯಿ ಬಿಡ್ಲಿ?"

ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗುಣಿಸಿದೆ. ಒಂಬೈನೂರ ನಲವತ್ತು ನಿಮಿಷ, ಅಂದರೆ ಹದಿನೈದು ತಾಸು ನಲವತ್ತು ನಿಮಿಷ. ಮೂರಕ್ಕೆ ಕೂಡಿಸಿದೆ. ಆರೂ ನಲವತ್ತು! ಪಾರಣೆಗೆ ಇನ್ನೂ ಹತ್ತು ನಿಮಿಷ ಇತ್ತು. ಎರಡು ದಿನ ಹಸಿದ ದೇಹ ರಾತ್ರಿಯಿಡೀ ಹೊತ್ತನ್ನು ಹಿಡಿದಿಟ್ಟಿತ್ತು.

ಮುಳ್ಳು ಆರೂ ನಲವತ್ತಕ್ಕಿಟ್ಟೆ. ಗಡಿಯಾರವನ್ನು ಬೋರಲು ಮಾಡಿ ಏಳೂವರೆ ಸುತ್ತು ಕೀಲಿ ಕೊಟ್ಟೆ. ಇಷ್ಟಕ್ಕೇ ಅದು ಏಳುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು, ತೊಟ್ಟಿಲ ಕೂಸನ್ನು ಮಗ್ಗುಲು ಹೊರಳಿಸುವಂತೆ ಒಮ್ಮೆ ಮೆಲ್ಲಗೆ ತಿರುವಬೇಕು. ತಿರುವಿದೆ. ಟಿಕ್ ಎಂದಿತು.

ಆರೂ ಐವತ್ತಕ್ಕೆ ಭೀಮಾಬಾಯಿ ತುಳಸಿ ತೀರ್ಥ ಕುಡಿದರು. ಆಮೇಲೆ ಎರಡು ತುತ್ತು ಅನ್ನ ಉಂಡರು. ರಾಘಣ್ಣ ಕಂಬಕ್ಕೆ ಒರಗಿ ಅತ್ತರು. ನನ್ನ ಕಣ್ಣಿನ ಸುದ್ದಿ ಬಿಡಿ.

ಶನಿವಾರ ಸೈನ್ಯದ ಲಾರಿ ಊರಿಗೆ ಬಂತು, ಅದರಲ್ಲೊಂದು ರೇಡಿಯೋ. ನಾನು ಪೆಟ್ಟಿಗೆ ಹೊತ್ತು ಹೋಗಿ, ಸಿಪಾಯಿಯ ಕೈಕಾಲು ಹಿಡಿದು, ರೇಡಿಯೋ ಗಂಟೆಗೆ ಮುಳ್ಳು ಹೋಲಿಸಿ ನೋಡಿದೆ. ಗಡಿಯಾರ ಎರಡೇ ಎರಡು ನಿಮಿಷ ಹಿಂದಿತ್ತು.

ಓಡಿ ಬಂದು ಭೀಮಾಬಾಯಿಯ ಹೊಸಿಲಿಗೆ ತಲೆ ಹಚ್ಚಿದೆ. "ಅವ್ವಾರೇ, ಎರಡೇ ನಿಮಿಷ ಹಿಂದ ಬಿದ್ದೈತ್ರೀ! ಹದಿನೈದು ತಾಸಿಗೆ ಎರಡೇ ನಿಮಿಷ!"

ಮುದುಕಿಯ ಮುಖ ಸಣ್ಣದಾಯಿತು.

"ಗೊತ್ತೈತಪ್ಪ," ಎಂದರು. "ನಸುಕಿನ್ಯಾಗ ಒಂದು ಸಲ ಕಣ್ಣು ಹತ್ತಿತ್ತು."