ಇಬ್ಬರೇ ಇರುವ ಶಾಂತ ಮನೆ

ಬಸು ತನ್ನ ತಾಯಿಯನ್ನು ಅತಿಥಿಗಳಿಗೆ ಮನೆಗೆಲಸದವಳೆಂದು ಪರಿಚಯ ಮಾಡಿಕೊಟ್ಟ.

ಅತಿಥಿಗಳು ಮೈಸೂರಿನವರು. ವಾಸಂತಿ, ಅವರ ಗಂಡ ಸುಬ್ಬಣ್ಣ, ಮಗಳು ಅನ್ವಿತಾ. ಮಗಳಿಗೆ ಹೈದರಾಬಾದಿನ ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸವಾಗಿತ್ತು. ಅವಳಿಗೊಂದು ಫ್ಲ್ಯಾಟು ಹುಡುಕಿ, ಹಾಲುಕ್ಕಿಸಿ ಹೋಗುವವರೆಗೆ ಉಳಿಯಲು ಕನ್ನಡದವರ ಮನೆಯೇ ಆಗಬೇಕೆಂದು, ದೂರವಾದರೂ ಚಿಂತೆಯಿಲ್ಲವೆಂದು, ಮಲ್ಕಾಜ್‌ಗಿರಿಯ ಈ ಮನೆಯ ಮುಂದಿನ ಕೋಣೆಯನ್ನು ಮೊಬೈಲ್ ಆ್ಯಪಿನಲ್ಲೇ ಬುಕ್ ಮಾಡಿದ್ದರು. ಆಟೋ ಇಳಿದಾಗ ಬಾಗಿಲಲ್ಲಿ ನಿಂತಿದ್ದವಳು ಬಂಡೆಮ್ಮ. ತಲೆ ತುಂಬ ಸೆರಗು, ಮೊಣಕೈವರೆಗೆ ಹಚ್ಚೆ. ವಾಸಂತಿ ಹಿರಿಯರೆಂದು ಕೈಮುಗಿಯಲು ಹೋದರು. ಅಷ್ಟರಲ್ಲಿ ಬಸು ನಡುವೆ ಬಂದ.

"ಇವಳು ಕೆಲಸದವಳು ಮೇಡಂ. ಬ್ಯಾಗ್ ಕೊಡಿ, ಒಳಗಿಡ್ತಾಳೆ."

ಮುಗಿಯಲು ಎತ್ತಿದ ಕೈ ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು. ಬಂಡೆಮ್ಮ ಬ್ಯಾಗು ಎತ್ತಿಕೊಂಡಳು, ಒಳಗಿಟ್ಟಳು, ಹೊರಗೆ ಬಂದಳು. ಹೀಗೆ ಹೇಳುತ್ತೇನೆಂದು ಮಗ ಹಿಂದಿನ ದಿನವೇ ಹೇಳಿಟ್ಟಿದ್ದ. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಈಗ ಏನೋ ಅನ್ನಿಸಬೇಕಿತ್ತು ಅಂತ ಅವಳಿಗೆ ಗೊತ್ತಾಯಿತು. ಅನ್ನಿಸಲಿಲ್ಲ. ಬಚ್ಚಲಲ್ಲಿ ಬಕೆಟ್ಟು ತುಂಬುವ ಸಪ್ಪಳ ಕೇಳುತ್ತ ನಿಂತಳು.

ಮನೆ ಅವಳದು. ಗಂಡ ಮಲ್ಲಣ್ಣ ರೈಲ್ವೆಯಲ್ಲಿ ಹಳಿಯ ಕೆಲಸಕ್ಕಿದ್ದವನು, ನೌಕರಿಯಲ್ಲಿರುವಾಗಲೇ ತೀರಿಕೊಂಡ. ಆ ನೌಕರಿ ಇವಳಿಗೆ ಬಂತು, ಬೋಗಿ ತೊಳೆಯುವ ಕೆಲಸವಾಗಿ. ದೇಶದ ಮಂದಿಯೆಲ್ಲ ಕೂತು ಎದ್ದು ಹೋದ ಸಂಡಾಸುಗಳನ್ನು ಆಸಿಡ್ ಹಾಕಿ ತಿಕ್ಕಿದಳು. ಬೆರಳ ತುದಿಗೆ ಬಿಸಿ ಯಾವುದು ತಣ್ಣಗಿನದು ಯಾವುದು ತಿಳಿಯದಷ್ಟು ವರ್ಷ ತಿಕ್ಕಿದಳು. ರಿಟೈರಾದಾಗ ಕೈಗೆ ಬಂದದ್ದನ್ನೆಲ್ಲ ಸುರಿದು, ತನ್ನ ಸೀಮೆಯ ಯಾದಗಿರಿ ಕಡೆಯ ಗೌಂಡಿಗಳನ್ನೇ ಹುಡುಕಿ ಕರೆತಂದು ಕಟ್ಟಿಸಿದಳು. ಕೆಳಗೆ ಎರಡು ಕೋಣೆ, ಹಾಲ್, ಅಡುಗೆಮನೆ. ಮಾಳಿಗೆಯ ಮೇಲೆ ತಗಡು ಹೊದಿಸಿದ ಸಣ್ಣದೊಂದು ಖೋಲಿ. ಮುಂದಿನ ಕೋಣೆಯಲ್ಲಿ ಅವಳ ಮಂಚವಿತ್ತು. ಈಗ ಮಂಚ ಅಲ್ಲೇ ಇದೆ, ಅವಳು ತಗಡಿನ ಕೆಳಗೆ.

"ಖಾಲಿ ಬಿದ್ದ ಜಾಗಾ ದುಡೀಬೇಕು ಯವ್ವಾ," ಅಂದಿದ್ದ ಬಸು. "ಇಡೀ ಹೈದರಾಬಾದ್ ಹಂಗ ಮಾಡಾಕತ್ತೈತಿ. ಇಂಟರ್‌ವ್ಯೂಗೆ ಬರಾವ್ರು, ದವಾಖಾನಿಗೆ ಬರಾವ್ರು, ಎಲ್ಲಾರಿಗೂ ಮನಿ ಬೇಕು, ಲಾಡ್ಜ್ ಯಾರಿಗೂ ಬ್ಯಾಡ."

"ಖಾಲಿ ಎಲ್ಲೈತೋ? ಅದರಾಗ ನಾ ಅದೀನಲ್ಲ."

"ನೀ ಒಬ್ಬಾಕಿ. ಒಬ್ಬಾಕಿಗೆ ಅಷ್ಟು ದೊಡ್ಡ ಖೋಲಿ ಯಾಕ?"

ಮೊದಲ ಸಲ ಬಂದವರು ಕರಾವಳಿಯ ಗಂಡ ಹೆಂಡತಿ. ಬಂಡೆಮ್ಮನೇ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ಎದುರು ಕೂತು ಇನ್ನೊಂದು ಹಾಕ್ಕೋರಿ, ಇನ್ನೊಂದು ಹಾಕ್ಕೋರಿ ಅಂತ ಬಡಿಸಿದಳು. ಆ ಹೆಂಗಸು ನಗುನಗುತ್ತ ಕೇಳಿತು: "ಊರಲ್ಲಿ ನಿಮ್ಮ ಮನೆ ಎಲ್ಲಾಯ್ತು?" ಬಂಡೆಮ್ಮನಿಗೆ ಅದು ಸಾದಾ ಮಾತಾಗಿ ಕೇಳಿತು. ಬಂದವರು ದಾರಿ ಕೇಳಿದಂತೆ. "ಕೇರ್ಯಾಗ ರೀ. ಊರ ಹೊರಗ, ಹಳ್ಳ ದಾಟಿದ ಮ್ಯಾಲ ನಮ್ಮ ಕೇರಿ," ಅಂದಳು. ಹೆಂಗಸು ಗಂಡನನ್ನು ನೋಡಿತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ರೈಲಿಗೆ ಹೊತ್ತಾಯಿತೆಂದು ಎದ್ದರು. ಅವರ ರೈಲು ಮಾರನೆಯ ದಿನದ್ದು.

ಆಮೇಲೆ ಆ್ಯಪಿನಲ್ಲಿ ಒಂದೇ ಒಂದು ಸ್ಟಾರ್ ಬಿತ್ತು. ಕೆಳಗೆ ಬರೆದಿದ್ದರು: ಸ್ವಚ್ಛತೆ ಸಾಲದು.

ರೈಲ್ವೆಯ ಯಾವ ಸಾಹೇಬನೂ ಬಂಡೆಮ್ಮ ತೊಳೆದ ಬೋಗಿಗೆ ಅಂದಿರದ ಮಾತು ಅದು. ಸೊಸೆ ಭಾಗ್ಯಶ್ರೀ ಓದಿ ಹೇಳಿದಾಗ ಅವಳು ಎದ್ದು ಹೋಗಿ ನೆಲವನ್ನು ಇನ್ನೊಮ್ಮೆ ಒರೆಸಿದಳು. ಬಸು ನೆಲ ನೋಡಲಿಲ್ಲ, ಗೋಡೆ ನೋಡಿದ. ಹಾಲಿನಲ್ಲಿ ನೀಲಿ ಕೋಟಿನ ಫೋಟೋ ಇತ್ತು. ಅದನ್ನು ಇಳಿಸಿ, ಒರೆಸಿ, ತಗಡಿನ ಖೋಲಿಗೆ ಕಳಿಸಿದ. ಆ್ಯಪಿನಲ್ಲಿ ಮನೆಯ ಬಗ್ಗೆ ಹೊಸದಾಗಿ ಬರೆದ. ಭಾಗ್ಯಶ್ರೀ ಅದನ್ನೂ ಓದಿದಳು: "ಶುದ್ಧ ಸಸ್ಯಾಹಾರಿ ಕನ್ನಡ ಕುಟುಂಬ. ಗಂಡ ಹೆಂಡತಿ ಇಬ್ಬರೇ ಇರುವ ಶಾಂತ ಮನೆ."

"ಮತ್ತ ಅತ್ತಿ?" ಅಂದಳು.

"ನಾವಿಬ್ರು ನಡೀತೀವಿ. ನಮ್ಮ ಮಾತು, ನಮ್ಮ ಬಟ್ಟಿ ನೋಡಿ ಯಾರೂ ಏನೂ ಕೇಳಂಗಿಲ್ಲ. ಅಕಿ ಬಾಯಿ ತಗದ್ರ ಮುಗೀತು," ಅಂದ ಬಸು. ಅಕಿ ಅಲ್ಲೇ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು.

ಹೀಗೆ ಮೈಸೂರಿನವರು ಬಂದಾಗ ಬಂಡೆಮ್ಮ ಕೆಲಸದವಳಾದಳು. ಅಡುಗೆಮನೆ ಸೊಸೆಗೆ, ಕಸ ಮುಸುರೆ ಬಚ್ಚಲು ಇವಳಿಗೆ. ಅತಿಥಿಗಳು ಕೋಣೆ ಸೇರಿದ ಮೇಲೆ ಅಡುಗೆಮನೆಯ ನೆಲದ ಮೇಲೆ ಊಟ.

ಎರಡನೆಯ ದಿನ ಬೆಳಿಗ್ಗೆ ಒಂದು ಎಡವಟ್ಟಾಯಿತು. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರು. ಬಸು ಮಾದಾಪುರದ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಒಳಗಿನಿಂದಲೇ ಕೂಗಿದ:

"ಯವ್ವಾ, ನನ್ನ ಸಾಕ್ಸ್ ಎಲ್ಲದಾವ?"

"ಹಗ್ಗದ ಮ್ಯಾಲ ನೋಡೋ," ಅಂದಳು ಬಂಡೆಮ್ಮ, ಒರೆಸುವ ಬಟ್ಟೆ ಹಿಂಡುತ್ತ.

ವಾಸಂತಿಯವರ ಚಮಚ ತಟ್ಟೆಯ ಮೇಲೆ ನಿಂತಿತು. ಬಸು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಹೊರಬಂದ.

"ಯವ್ವ ಅಂದ್ರೆ ಅಮ್ಮ ಅಲ್ವೇನ್ರೀ?" ಕೇಳಿದರು ವಾಸಂತಿ.

ಭಾಗ್ಯಶ್ರೀ ಒಲೆಯ ಕಡೆ ತಿರುಗಿದಳು. ಬಸುವಿನ ಮುಖ ಒಮ್ಮೆ ಬಿಳುಪೇರಿ, ಮತ್ತೆ ನಗು ತಂದುಕೊಂಡಿತು.

"ನಮ್ಮ ಕಡೆ ಹಾಗೇ ಮೇಡಂ. ಎಲ್ಲರನ್ನೂ ಯವ್ವ ಅಂತಲೇ ಕರೀತೀವಿ. ಕೆಲಸದವರನ್ನೂ."

ಅವನು ಹೇಳಿದ್ದು ಸುಳ್ಳಲ್ಲ, ಅದೇ ಅದರ ಚೆಂದ. ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಯವ್ವ ಅನ್ನುತ್ತಾರೆ, ಕಾಯಿಪಲ್ಯ ಮಾರುವವಳಿಗೂ ಯವ್ವ, ಗುಡಿಯೊಳಗಿನ ದೇವಿಗೂ ಯವ್ವ. ಕಾಲಿಗೆ ಮುಳ್ಳು ಚುಚ್ಚಿದರೂ ಅದೇ ಮಾತು. ಹಡೆದವಳನ್ನು ಬಚ್ಚಿಡುವಷ್ಟು ಜಾಗ ಆ ಮಾತಿನೊಳಗಿದೆ ಅಂತ ಅವತ್ತಿನವರೆಗೆ ಯಾರಿಗೂ ಹೊಳೆದಿರಲಿಲ್ಲ.

"ನೋಡ್ರೀ," ಗಂಡನಿಗೆ ಹೇಳಿದರು ವಾಸಂತಿ, "ಎಷ್ಟು ಚೆಂದ! ಕೆಲಸದವಳನ್ನ ಅಮ್ಮನ ಥರ ಕರೀತಾರೆ."

"ನಮ್ಮಲ್ಲಿ ಅಮ್ಮನ್ನ ಕೆಲಸದವಳ ಥರ ಕರೀತಾರೆ, ಅಷ್ಟೇ ವ್ಯತ್ಯಾಸ," ಅಂದರು ಸುಬ್ಬಣ್ಣ. ಅನ್ವಿತಾ ಉಪ್ಪಿಟ್ಟು ನೆತ್ತಿಗೇರುವಂತೆ ನಕ್ಕಳು. ಎಲ್ಲರೂ ನಕ್ಕರು. ಬಸುವೂ ನಕ್ಕ. ಬಂಡೆಮ್ಮ ಅವರ ಕಾಲಡಿಯ ನೆಲ ಒರೆಸಿದಳು. ಅವರು ಕಾಲೆತ್ತಿದರು, ಒರೆಸಿದ ಮೇಲೆ ಇಳಿಸಿದರು.

ಅಂದಿನಿಂದ ವಾಸಂತಿಯವರ ಬಾಯಲ್ಲೂ ಅದೇ. ಯವ್ವಾ, ಬಿಸಿನೀರು. ಯವ್ವಾ, ಈ ಚೂಡಿದಾರ ಬೇರೆ ಒಗಿ, ಬಣ್ಣ ಬಿಡತ್ತೆ. ಯವ್ವಾ, ಕಮೋಡ್‌ಗೆ ಬ್ರಶ್ ಹಾಕಿದ್ಯಾ? ಕೆಟ್ಟ ಹೆಂಗಸಲ್ಲ. ದನಿ ಮೆತ್ತಗೆ. ತಮ್ಮ ಹಳೆಯ ಸೀರೆಯೊಂದನ್ನು ಮಡಿಚಿ ಕೊಟ್ಟರು, ಕೈಗೆ ಕೈ ತಾಗದಂತೆ ಮೇಲಿನಿಂದ ಬಿಟ್ಟರು. ಬಂಡೆಮ್ಮ ಪ್ರತಿ ಸಲವೂ "ಬಂದೆ ರೀ" ಅಂದಳು. ದಿನ ಕಳೆದಂತೆ ಆ ಮಾತು ಅವಳ ಕಿವಿಯಲ್ಲಿ ಸಪ್ಪಗಾಗುತ್ತ ಹೋಯಿತು. ಒಂದು ಸಂಜೆ ಬಸು ಹಿತ್ತಿಲಲ್ಲಿ ಬಂದು ಯವ್ವಾ ಅಂದ. ಅವಳು ತಿರುಗಲಿಲ್ಲ. ಬೇಕಂತ ಅಲ್ಲ. ಯಾರೋ ಯಾರನ್ನೋ ಕರೆದಂತೆ ಕೇಳಿತ್ತು.

ಪಕ್ಕದ ಮನೆಯ ಯಂಕಮ್ಮ ನಾರಾಯಣಪೇಟೆಯವಳು, ಅರ್ಧ ತೆಲುಗು ಅರ್ಧ ಕನ್ನಡದವಳು. ಕಾಂಪೌಂಡಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದಳು.

"ಏನ್ ಬಂಡೆವ್ವಾ, ಹೋಟೆಲ್ ಜೋರ್ ನಡದೈತಿ! ಪಗಾರ ಎಷ್ಟು ಕೊಡ್ತಾನ ನಿನ್ನ ಮಗ?"

"ಎರಡು ಹೊತ್ತು ಕೂಳು."

"ಅಬ್ಬಾ, ರಜಾ ಗಿಜಾ ಐತೋ ಇಲ್ಲೋ? ಯೂನಿಯನ್ ಮಾಡೂಣೇನು ನಾವಿಬ್ರು?"

ಯಂಕಮ್ಮ ತಾನೇ ನಕ್ಕು, ಇವಳು ನಗದ್ದು ಕಂಡು ಬಾಯಿ ಮುಚ್ಚಿದಳು. "ಏಮೈಂದಿ? ಏನಾತು, ಆರಾಮಿಲ್ಲೇನು?" ಅಂತ ಕೇಳಿದಳು. ಆರಾಮ ಅದೀನಿ ಅಂದಳು ಬಂಡೆಮ್ಮ. ನೋವು ಇದ್ದರಲ್ಲವೇ ಆರಾಮಿಲ್ಲ ಅನ್ನುವುದು.

ಕೊಂಡಾಪುರದಲ್ಲಿ ಅನ್ವಿತಾಳಿಗೆ ಫ್ಲ್ಯಾಟು ಸಿಕ್ಕಿತು. ಹೊರಡುವ ಹಿಂದಿನ ದಿನ ಸಂಜೆ ಹಾಲಿನಲ್ಲಿ ಚಹಾ ಕುಡಿಯುತ್ತ ವಾಸಂತಿ ಬಸುವಿಗೆ ಹೇಳಿದರು:

"ಒಂದು ಕೇಳ್ತೀನಿ, ಇಲ್ಲ ಅನ್ನಬಾರದು. ಹುಡುಗಿ ಒಬ್ಬಳೇ. ಈ ಊರಲ್ಲಿ ನಂಬಿಗಸ್ತರು ಎಲ್ಲಿ ಸಿಗ್ತಾರೆ ಹೇಳಿ. ಯವ್ವನ್ನ ನಮಗೆ ಕೊಟ್ಟುಬಿಡಿ. ಅಡುಗೆಗೆ ನಮ್ಮವರೇ ಒಬ್ಬರನ್ನ ಗೊತ್ತು ಮಾಡಿದ್ದೀವಿ. ಇವಳು ಕಸ, ಪಾತ್ರೆ, ಬಾತ್‌ರೂಮು ನೋಡ್ಕೊಂಡು ಬಾಲ್ಕನೀಲಿ ಮಲಗಿರ್ಲಿ. ನಿಮಗೆ ಬೇರೆಯವರು ಸಿಗ್ತಾರೆ."

ಬಸು ಲೋಟ ಕೆಳಗಿಟ್ಟ.

"ನಿಮ್ಮ ಮನೆಗೆ ಐದು ಸ್ಟಾರ್ ನಾನೇ ಕೊಡ್ತೀನಿ," ಅಂದರು ಸುಬ್ಬಣ್ಣ. "ನಮ್ಮ ಲೇಔಟಿನವರೆಲ್ಲ ಮಕ್ಕಳನ್ನ ನೋಡೋಕೆ ಇಲ್ಲಿಗೆ ಬರ್ತಾನೇ ಇರ್ತಾರೆ. ಎಲ್ಲರನ್ನೂ ಇಲ್ಲಿಗೇ ಕಳಿಸೋದು."

"ಅಂದಹಾಗೆ ಇವಳಿಗೆ ಯಾರಿದಾರೆ?" ಕೇಳಿದರು ವಾಸಂತಿ. "ಮಕ್ಕಳು ಮರಿ?"

ಬಂಡೆಮ್ಮ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದಳು. ಮೂರು ಲೋಟ ಕೈಯಲ್ಲಿದ್ದವು, ನಾಲ್ಕನೆಯದು ಬಸುವಿನ ಮುಂದೆ. ಅವನು ಅದನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟ.

"ಯಾರೂ ಇಲ್ಲ ಮೇಡಂ," ಅಂದ.

ಅಡುಗೆಮನೆಗೆ ಅವನು ಅವಳ ಹಿಂದೆಯೇ ಬಂದ. ದನಿ ತಗ್ಗಿಸಿದ.

"ಯವ್ವಾ, ಹದಿನೈದು ದಿನ ಅಷ್ಟ. ಆಮ್ಯಾಲ ಏನರ ನೆವ ಹೇಳಿ ಕರ್ಕೊಂಡು ಬರ್ತೀನಿ."

ಬಂಡೆಮ್ಮ ನಲ್ಲಿ ಬಿಟ್ಟಳು.

"ಬ್ಯಾಡ ಅಂದ್ರ ಯಾಕ ಅಂತಾರ. ಏನ್ ಹೇಳ್ಲಿ ನಾ?"

"ಖರೇ ಹೇಳ್ರಿ," ಅಂದಳು ಭಾಗ್ಯಶ್ರೀ. ಅವಳ ಕಣ್ಣು ತುಂಬಿದ್ದವು. "ಸಾಕಿನ್ನ. ಹೇಳಿಬಿಡ್ರಿ."

"ನೀ ಸುಮ್ನಿರು. ಖರೇ ಹೇಳಿದ್ದಕ್ಕ ಒಂದ ಸ್ಟಾರ್ ಬಿದ್ದಿತ್ತು. ಮರತಿ ಏನು?" ಮತ್ತೆ ತಾಯಿಯ ಕಡೆ ತಿರುಗಿದ. ಒಪ್ಪಿದಳೆಂದೇ ಅವನಿಗೆ ಅನ್ನಿಸಿತ್ತೋ ಏನೋ, ದನಿ ಹಗುರಾಯಿತು. "ಹೆಂಗೂ ನೀ ಅಲ್ಲಿರ್ತಿ. ಮ್ಯಾಲಿನ ಖೋಲಿಗೆ ಒಂದು ಕೂಲರ್ ಹಾಕಿ ಅದನ್ನೂ ಆ್ಯಪಿಗೆ ಹಚ್ಚಿಬಿಡ್ತೀನಿ. ಇಂಟರ್‌ವ್ಯೂಗೆ ಬರೋ ಹುಡುಗರಿಗೆ ತಗಡಾದ್ರೂ ನಡೀತೈತಿ."

ಬಂಡೆಮ್ಮ ನಲ್ಲಿ ನಿಲ್ಲಿಸಿದಳು.

"ಮತ್ತ ನಾ ಬಂದಾಗ?"

"ಬಂದಾಗ ನೋಡೂಣು ಬಿಡವಾ."

ಬಂದಾಗ ನೋಡೂಣು. ಅವಳು ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಮೆಟ್ಟಿಲು ಹತ್ತಿ ಮೇಲೆ ಹೋದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ತಗಡು ಕಾದು ಟಣ್ ಟಣ್ ಅನ್ನುತ್ತಿತ್ತು. ಮುಂದಿನ ಕೋಣೆಯಿಂದ ಇಲ್ಲಿಗೆ ಬಂದಾಗ, ಇದಾದರೂ ಇದೆಯಲ್ಲ ಅಂದುಕೊಂಡಿದ್ದಳು. ಅಮ್ಮ ಹೋಗಿ ಆಳಾದಾಗ, ಆಳಾದರೂ ಒಳಗಿದ್ದೇನಲ್ಲ ಅಂದುಕೊಂಡಿದ್ದಳು. ಒಂದೊಂದೇ ಮೆಟ್ಟಿಲು ಕೆಳಗೆ, ಪ್ರತಿ ಮೆಟ್ಟಿಲಿಗೂ ಮಗನ ಕೈಯೇ ಹಿಡಿದು ಇಳಿಸಿತ್ತು. ಈಗ ಮುಂದೆ ಬೀದಿ. ಯಾರಿಗೂ ಏನೂ ಅಲ್ಲದ, ಯಾರೂ ಇಲ್ಲದ ಒಬ್ಬ ಮುದುಕಿ ಕೊಂಡಾಪುರದ ಯಾವುದೋ ಬಾಲ್ಕನಿಯಲ್ಲಿ. ಕೂತಲ್ಲೇ ಕೂತಿದ್ದ ಕಾಲಿಗೆ ಜೋಮು ಬಿಡುವಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಹಾಗೆ ಎದೆಯ ಒಂದು ಮೂಲೆಯಲ್ಲಿ ಚುಚ್ಚತೊಡಗಿತು. ತಿಂಗಳುಗಳ ಮೇಲೆ ಏನೋ ನೋಯುತ್ತಿತ್ತು. ಅವಳು ಅದನ್ನು ತಡೆಯಲಿಲ್ಲ.

ಬೆಳಿಗ್ಗೆ ಕಾರು ಬಂತು. ಸೂಟ್‌ಕೇಸು, ಹೊಸ ಕುಕ್ಕರು, ಮಡಿಚಿದ ಹಾಸಿಗೆ ಹಿಂದೆ ಸೇರಿದವು. ಡ್ರೈವರು ಹೊತ್ತಾಯಿತೆಂದು ತೆಲುಗಿನಲ್ಲಿ ಅವಸರಿಸುತ್ತಿದ್ದ. ಅನ್ವಿತಾ ಮುಂದಿನ ಸೀಟು ಬಿಟ್ಟು ಹಿಂದೆ ಸರಿದಳು.

"ಬಾ ಯವ್ವಾ, ಮುಂದೆ ಕೂತ್ಕೊ. ನಿನ್ನ ಬಟ್ಟೆ ಎಲ್ಲಿ?" ಅಂದರು ವಾಸಂತಿ.

ಬಟ್ಟೆಯ ಚೀಲ ಬಸುವಿನ ಕೈಯಲ್ಲಿತ್ತು. ಅವನೇ ತುಂಬಿದ್ದ. ಅದನ್ನು ಸೀಟಿನ ಮೇಲಿಟ್ಟು, ಮೈಸೂರಿನ ಕನ್ನಡದಲ್ಲಿ ತಾಯಿಗೆ ಹೇಳಿದ:

"ಹತ್ತಮ್ಮಾ. ಕಾಯ್ತಾ ಇದ್ದಾರೆ."

"ಒಲ್ಲೆ," ಅಂದಳು ಬಂಡೆಮ್ಮ.

"ಏನಂತೆ?" ಸುಬ್ಬಣ್ಣ ಕಾರಿನೊಳಗಿನಿಂದ ಬಗ್ಗಿದರು.

"ಬರಂಗಿಲ್ರಿ ಅಣ್ಣಾರ. ಅಕ್ಕಾರ, ನಿಮ್ಮ ಮಗಳಿಗೆ ಬ್ಯಾರೆ ಯಾರನ್ನರ ನೋಡ್ಕೋರಿ." ಅವಳು ಚೀಲ ತೆಗೆದುಕೊಂಡು ಕಂಕುಳಲ್ಲಿ ಅವುಚಿಕೊಂಡಳು. ದನಿ ಏರಲಿಲ್ಲ, ಅಳು ಬೆರೆಯಲಿಲ್ಲ. "ಇವ ನನ್ನ ಮಗ. ನಾ ಹಡದಾಕಿ. ನಿಮ್ಮನ್ನ ಮಲಗಿಸಿದ್ದು ನನ್ನ ಮಂಚದ ಮ್ಯಾಲ. ಈ ಮನಿ ನಂದೈತಿ."

ವಾಸಂತಿ ಬಸುವಿನ ಮುಖ ನೋಡಿದರು. ಬಸು ಕಾರಿನ ಗಾಲಿ ನೋಡುತ್ತಿದ್ದ. ಬಾಗಿಲಲ್ಲಿ ಭಾಗ್ಯಶ್ರೀ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಇನ್ನೊಂದೂ ತೆರೆದುಕೊಂಡಿತು.

"ಯವ್ವಾ," ಅಂದ ಬಸು, ಹಲ್ಲು ಕಚ್ಚಿ, ತನ್ನ ಕನ್ನಡದಲ್ಲಿ. "ಮಂದಿ ನೋಡಾಕತ್ತಾರ. ಒಳಗ ನಡಿ. ಒಳಗ ನಡಿ ಅಂದೆ."

ಬಂಡೆಮ್ಮ ಗೇಟಿನ ನಟ್ಟನಡುವೆ, ಕಾರಿಗೂ ಮನೆಗೂ ಮಧ್ಯೆ, ಎಲ್ಲರಿಗೂ ಕಾಣುವಂತೆ ನಿಂತುಕೊಂಡಳು.

"ಒಳಗೂ ಹೋಗಂಗಿಲ್ಲ," ಅಂದಳು.