ಬೀಗದವನ ಸಾಕ್ಷಿ

ಸೇತುವೆಯ ಆಚೆಯವರೆಂದರೆ ಆ ಬೀದಿಯವರಿಗೆ ಅಷ್ಟಕ್ಕಷ್ಟೆ. ಯಾಕೆಂದು ಕೇಳಿದರೆ ಒಬ್ಬರೂ ನೆಟ್ಟಗೆ ಹೇಳುತ್ತಿರಲಿಲ್ಲ. ಅವರ ಮಾತು ರಾಗ ಎಳೆದಂತಿರುತ್ತದೆ, ಅವರು ಮುಖ ಕೊಟ್ಟು ನಗುವುದಿಲ್ಲ, ಅವರನ್ನು ನಂಬಿ ಕೆಟ್ಟವರ ಕಥೆ ಯಾರದೋ ಅಜ್ಜಿಗೆ ಗೊತ್ತಿತ್ತು. ಅನುಮಾನಕ್ಕೆ ಇಷ್ಟೇ ಬಂಡವಾಳ. ಅಂಥದ್ದರಲ್ಲಿ ಆ ಕಡೆಯವನೊಬ್ಬ ಬಂದು, ಬೀದಿಯ ತಿರುವಿನಲ್ಲಿ, ಫೋಟೋ ಸ್ಟುಡಿಯೋದ ಎದುರಿಗೇ, ಬೀಗ ರಿಪೇರಿಯ ಪೆಟ್ಟಿಗೆ ಬಿಚ್ಚಿ ಕೂತರೆ ಕೇಳಬೇಕೆ? ತರಕಾರಿ ಮಾರಲು ಕೂತಿದ್ದರೆ ತಕ್ಕಡಿಯ ಮೇಲಷ್ಟೇ ಕಣ್ಣಿಡುತ್ತಿದ್ದರು. ಇವನು ಮಾಡುತ್ತಿದ್ದದ್ದು ಬೀಗದ ಕೈ.

ಇದು ಬೀಗದವನಿಗೂ ಗೊತ್ತಿತ್ತು. ಅದಕ್ಕೇ ಅವನು ತನ್ನದೊಂದು ಪದ್ಧತಿ ಇಟ್ಟುಕೊಂಡಿದ್ದ. ಯಾರೇ ನಕಲಿ ಕೈ ಮಾಡಿಸಲು ಬಂದರೂ ಆ ಮನೆಯ ಮಗುವೊಂದನ್ನು ಜೊತೆಗೆ ಕರೆತರಬೇಕು. ಮಗು ಕೈಯನ್ನು ನೋಡಿ ‘ನಮ್ಮನೇದು’ ಎಂದರೇನೇ ಅವನು ಅರ ಹಿಡಿಯುತ್ತಿದ್ದದ್ದು. ಮಕ್ಕಳಿಲ್ಲದ ಮನೆಯಾದರೆ ತಾನೇ ಹೋಗಿ ಬಾಗಿಲಲ್ಲಿ ಕೈ ತಿರುಗಿಸಿ ನೋಡಿ ಬರುತ್ತಿದ್ದ. ದೊಡ್ಡವರ ಮಾತು ನಂಬುವ ಧೈರ್ಯ ತನಗಿಲ್ಲ ಎನ್ನುತ್ತಿದ್ದ. ಬೀದಿಯ ದೊಡ್ಡವರಿಗೆ ಇದು ಸರಿಬರಲಿಲ್ಲ. ತಾವು ಅವನನ್ನು ಅನುಮಾನಿಸುವುದು ನ್ಯಾಯ, ಅವನು ತಮ್ಮನ್ನು ಅನುಮಾನಿಸುವುದೆಂದರೇನು?

ಬುಗುರಿ ಮಾತ್ರ ಅವನನ್ನು ನೋಡಿ ದಣಿಯುತ್ತಿರಲಿಲ್ಲ. ನಿಂತಲ್ಲಿ ನಿಲ್ಲದ ಆ ಒಂಬತ್ತು ವರ್ಷದ ಹುಡುಗಿಗೆ ಹಾಗೆ ಹೆಸರಿಟ್ಟವನು ಅವಳ ಸೋದರಮಾವ. ಅಪ್ಪ ಲಾರಿ ಓಡಿಸುತ್ತ ಊರೂರು ಸುತ್ತುತ್ತಿದ್ದ. ಅಮ್ಮ ಸಿದ್ಧ ಉಡುಪಿನ ಅಂಗಡಿಯವರಿಗೆ ಶರ್ಟುಗಳ ಗುಂಡಿ ಹಾಕಿಕೊಡುತ್ತಿದ್ದಳು. ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಅಕ್ಕನ ಮನೆಯಲ್ಲಿ ಉಳಿದಿದ್ದ ಮಾವನ ಆ ‘ನಡುವೆ’ ಎರಡು ವರ್ಷದಿಂದ ಮುಗಿದಿರಲಿಲ್ಲ. ಆದರೂ ಅವನಿದ್ದರೆ ಮನೆಗೆ ಕಳೆ. ಬೆಕ್ಕಿನ ದನಿಯಲ್ಲಿ ಹಾಡುತ್ತಿದ್ದ, ಅನ್ನ ಹೊತ್ತಿದರೆ ಪಾತ್ರೆಗೆ ಸಂತಾಪ ಹೇಳುತ್ತಿದ್ದ. ಬುಗುರಿಗೆ ಅವನೆಂದರೆ ಪ್ರಾಣ.

ಶಾಲೆ ಬಿಟ್ಟು ಬಂದ ಮೇಲೆ ಬುಗುರಿ ಕಿಟಕಿಯ ಪರದೆಯ ಹಿಂದೆ ನಿಂತು ಬೀಗದವನ ಮೇಲೆ ಪತ್ತೇದಾರಿಕೆ ನಡೆಸುತ್ತಿದ್ದಳು. ಅವನು ಯಾರ ಮನೆಯ ಕಡೆ ನೋಡಿದ, ಪೆಟ್ಟಿಗೆಯಿಂದ ಏನು ತೆಗೆದ, ಯಾಕೆ ಒಬ್ಬನೇ ತುಟಿ ಆಡಿಸಿದ, ಎಲ್ಲ ವರದಿಯೂ ಬೇಕರಿಯ ಅಕ್ಕನಿಗೆ ತಲುಪುತ್ತಿತ್ತು. ಬೇಕರಿಯ ಅಕ್ಕ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ವರದಿಗೆ ಪ್ರತಿಯಾಗಿ ಒಡೆದ ಬಿಸ್ಕತ್ತು ಸಿಗುತ್ತಿತ್ತು.

ಹೀಗಿರುವಾಗ ಸ್ಟುಡಿಯೋದಲ್ಲಿ ಕಳವಾಯಿತು. ಯಜಮಾನರು ಬೆಳಿಗ್ಗೆ ಬಾಗಿಲು ತೆರೆದರೆ ಕ್ಯಾಮೆರಾ ಇಲ್ಲ, ಲೆನ್ಸುಗಳಿಲ್ಲ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಯಾರೋ ಬೀಗದ ಕೈ ಹಾಕಿ ತೆರೆದು, ಮರ್ಯಾದಸ್ಥರ ಹಾಗೆ ಮತ್ತೆ ಬೀಗ ಹಾಕಿ ಹೋಗಿದ್ದರು. ಆ ಬೀಗಕ್ಕೆ ಇದ್ದದ್ದು ಎರಡೇ ಕೈ. ಒಂದು ಯಜಮಾನರದು. ಮರೆವಿನ ಮನುಷ್ಯ ಅವರು, ಇನ್ನೊಂದನ್ನು ನಂಬಿಕೆಯ ಮೇಲೆ ಬುಗುರಿಯ ಅಮ್ಮನ ಹತ್ತಿರ ಇಟ್ಟಿದ್ದರು. ಅಮ್ಮನ ಬೀಗದ ಕೈಗಳ ಗೊಂಚಲು ಅವಳ ಸೊಂಟ ಬಿಟ್ಟು ಕದಲಿದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿಗೆ ಉಳಿದವನು ಯಾರು? ಬೇಕರಿಯ ಅಕ್ಕ ಬುಗುರಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದಳು. ಅವನು ಇಡೀ ದಿನ ಸ್ಟುಡಿಯೋ ಬೀಗವನ್ನೇ ನೋಡುತ್ತಿರುತ್ತಾನೆ ಎಂದು ಬುಗುರಿ ಹೇಳಿದಳು. ಅದು ನಿಜವೂ ಹೌದು. ಎದುರಿಗೆ ಕೂತವನು ಇನ್ನೆಲ್ಲಿ ನೋಡಬೇಕಿತ್ತು?

“ಮಕ್ಕಳ ಬಾಯಲ್ಲಿ ಸುಳ್ಳು ಬರಲ್ಲ,” ಎಂದಳು ಬೇಕರಿಯ ಅಕ್ಕ.

ಭಾನುವಾರ ಸಂಜೆ ಸ್ಟುಡಿಯೋದಲ್ಲಿ ಸೇರಿ, ಅವನನ್ನು ಕರೆಸಿ, ಗಂಟುಮೂಟೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಬೀದಿಯೆಲ್ಲ ತನ್ನ ತಲೆ ಸವರಿದ್ದರಿಂದ ಬುಗುರಿ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ಮಾವ ಅವಳಿಗೆ ಬಣ್ಣದ ಪೆಟ್ಟಿಗೆ ತಂದುಕೊಟ್ಟ. ಇಂಥದು ಬೇಕೆಂದು ಅವಳು ವರ್ಷದಿಂದ ಹಟ ಮಾಡುತ್ತಿದ್ದಳು. ಮುಚ್ಚಳ ತೆಗೆಯುತ್ತಿದ್ದಾಗ ಅವನು ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, ಅವತ್ತು ತಾವಿಬ್ಬರೂ ಬೀಗದವನ ಹತ್ತಿರ ಹೋಗಿದ್ದನ್ನು ಯಾರಿಗೂ ಹೇಳಬಾರದು ಎಂದ. ಸುಮ್ಮನೆ ನಮ್ಮ ಹೆಸರೂ ಸೇರಿಸಿಬಿಡುತ್ತಾರೆ ಎಂದ. ನಗುತ್ತಲೇ ಹೇಳಿದ, ಆದರೆ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು.

ಅವನು ಹೇಳದಿದ್ದರೆ ಅವಳಿಗೆ ಅದು ನೆನಪಿಗೇ ಬರುತ್ತಿರಲಿಲ್ಲ. ಅಮ್ಮ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ ದಿನ ಅದು. ಮಲಗಿದವಳಿಗೆ ಚುಚ್ಚುತ್ತದೆ ಎಂದು ಮಾವನೇ ಗೊಂಚಲು ಬಿಚ್ಚಿದ್ದ. ಆಮೇಲೆ ಬುಗುರಿಯ ಕೈಹಿಡಿದು ಬೀಗದವನ ಹತ್ತಿರ ಕರೆದುಕೊಂಡು ಹೋಗಿದ್ದ. ಬೀಗದವನು ಹೂವಿನಂಥ ತಲೆಯ ಕೈಯೊಂದನ್ನು ಎತ್ತಿ ತೋರಿಸಿ ಇದು ನಿಮ್ಮನೇದಾ ಮಗು ಎಂದು ಕೇಳಿದ್ದ. ಅಮ್ಮನ ಗೊಂಚಲಲ್ಲಿದ್ದದ್ದು ತಮ್ಮನೇದಲ್ಲದೆ ಇನ್ಯಾರದು? ಹೌದು ಎಂದಿದ್ದಳು.

ಬಣ್ಣದ ಪೆಟ್ಟಿಗೆಯನ್ನು ಅವಳು ಮತ್ತೆ ಮುಟ್ಟಲಿಲ್ಲ. ಮಾವನ ಮೇಲೆ ಕಣ್ಣಿಡುವುದು ತನಗೇ ತಿಳಿಯದೆ ಶುರುವಾಯಿತು. ಅವನು ಯಾಕೆ ಹೊಸ ಚಪ್ಪಲಿ ಹಾಕಿದ್ದಾನೆ, ಯಾಕೆ ಎರಡು ದಿನದಿಂದ ಹಾಡಿಲ್ಲ, ಯಾಕೆ ಸ್ಟುಡಿಯೋ ಮುಂದೆ ಹೋಗುವಾಗ ದಾರಿಯ ಆ ಬದಿಗೆ ಸರಿಯುತ್ತಾನೆ. ಪ್ರೀತಿಯವರನ್ನು ಹಾಗೆ ನೋಡುವುದು ಬಹಳ ಕೆಟ್ಟ ಕೆಲಸ. ಅವಳಿಗೆ ಊಟ ಸೇರದಾಯಿತು. ಕೊನೆಗೆ ಅಮ್ಮ ಗುಂಡಿ ಹಾಕುತ್ತ ಕೂತಿದ್ದಾಗ ಪಕ್ಕಕ್ಕೆ ಹೋಗಿ, ಆಟಕ್ಕೆಂಬಂತೆ, ಗೊಂಚಲಿನ ಒಂದೊಂದೇ ಕೈಯನ್ನು ಯಾವುದು ಯಾವುದು ಎಂದು ಕೇಳಿದಳು. ಬೀದಿ ಬಾಗಿಲಿನದು, ಬೀರುವಿನದು, ಟ್ರಂಕಿನದು. ಹೂವಿನ ತಲೆಯದು?

“ಅದು ನಮ್ಮದಲ್ಲ ಕಣೆ, ಸ್ಟುಡಿಯೋದು,” ಎಂದಳು ಅಮ್ಮ, ದಾರ ಕಡಿಯುತ್ತ.

ಭಾನುವಾರ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ, ಮದುಮಕ್ಕಳು ಕೂರುವ ಕುರ್ಚಿಯ ಪಕ್ಕ, ಬೀಗದವನನ್ನು ನಿಲ್ಲಿಸಿದರು. ಕೂರು ಎಂದು ಯಾರೂ ಹೇಳಲಿಲ್ಲ. ಯಜಮಾನರು ಸ್ಟುಡಿಯೋದ ಬೀಗದ ಕೈ ತೋರಿಸಿ ಕೇಳಿದ್ದಕ್ಕೆ, ಅಂಥದೊಂದು ಹೂವಿನ ತಲೆಯ ಕೈ ಮಾಡಿಕೊಟ್ಟದ್ದು ನಿಜ ಎಂದ. ಸ್ಟುಡಿಯೋದ್ದೆಂದು ಗೊತ್ತಿರಲಿಲ್ಲ. ಮಗು ಬಂದು ತಮ್ಮನೇದು ಎಂದಿತು, ಮಾಡಿದೆ. ಜೊತೆಗೆ ಬಂದವನು ಯಾರೆಂದು ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ಹೇಳುವುದಿಲ್ಲ ಎಂದ. ಬೇಕರಿಯ ಅಕ್ಕ ಕೈ ತಟ್ಟಿ ನಕ್ಕು, ಆ ಮಗುವನ್ನಾದರೂ ತೋರಿಸು ಎಂದಳು.

“ಮಗೂನ ತೋರ್ಸಲ್ಲ ಅಮ್ಮ. ಅದು ಸುಳ್ಳು ಹೇಳಿಲ್ಲ. ಅದಕ್ಕೆ ಗೊತ್ತಿದ್ದದ್ದೇ ಅಷ್ಟು.”

ಹಾಗೆಂದು ನೆಲ ನೋಡುತ್ತ ನಿಂತ. ಬುಗುರಿಯ ಹೆಗಲ ಮೇಲೆ ಮಾವನ ಕೈ ಇತ್ತು. ಅದು ಮೆಲ್ಲಗೆ ಬಿಗಿಯಾಯಿತು. ಸುಮ್ಮನಿದ್ದರೆ ಈ ಮನುಷ್ಯ ನಾಳೆ ಪೆಟ್ಟಿಗೆ ಹೊತ್ತು ಹೊರಡುತ್ತಾನೆ, ಬಾಯಿ ಬಿಟ್ಟರೆ ಮಾವ.

“ನಾನೇ ಹೋಗಿದ್ದು,” ಎಂದಳು. “ಮಾವ ಕರ್ಕೊಂಡು ಹೋಗಿದ್ದ. ಅಮ್ಮಂಗೆ ಜ್ವರ ಬಂದಿತ್ತಲ್ಲ, ಅವತ್ತು.”

ಮಾವ ಜೋರಾಗಿ ನಕ್ಕ. ಕನಸು ಕಂಡಿದೆ, ಕಥೆ ಕಟ್ಟುವುದರಲ್ಲಿ ನನ್ನ ಸೊಸೆ ನಿಸ್ಸೀಮಳು ಎಂದ. ಬೇಕರಿಯ ಅಕ್ಕನಿಗೆ ಕೂಡಲೇ ಸಮಾಧಾನವಾಯಿತು. ಮಕ್ಕಳ ಮಾತು ಕಟ್ಟಿಕೊಂಡರೆ ಆದೀತೇ ಎಂದಳು. ಯಜಮಾನರು ಮಾತ್ರ ಅಮ್ಮನ ಕಡೆ ತಿರುಗಿದರು.

“ನೀವೇ ಹೇಳಿ ತಂಗಿ. ಜ್ವರದ ದಿನ ಗೊಂಚಲು ನಿಮ್ಮ ಸೊಂಟದಲ್ಲೇ ಇತ್ತಾ?”

ಅಮ್ಮನ ಕೈ ಗೊಂಚಲಿಗೆ ಹೋಯಿತು. ಜ್ವರ ಇಳಿದು ಎದ್ದಾಗ ಅದು ಸೊಂಟದಲ್ಲಿರಲಿಲ್ಲ, ದಿಂಬಿನ ಪಕ್ಕದಲ್ಲಿತ್ತು. ಹುಡುಕಿ ಕೊಟ್ಟವಳು ಬುಗುರಿಯೇ. ಅದು ಅಮ್ಮನಿಗೆ ನೆನಪಾದದ್ದನ್ನು ಬುಗುರಿ ಅವಳ ಮುಖದಲ್ಲಿ ಸ್ಪಷ್ಟವಾಗಿ ಕಂಡಳು. ಅಮ್ಮ ಮೊದಲು ತಮ್ಮನನ್ನು ನೋಡಿದಳು, ಆಮೇಲೆ ಮಗಳನ್ನು.

“ಇತ್ತು,” ಎಂದಳು.

ಅಲ್ಲಿಗೆ ಮುಗಿಯಿತು. ಬೀಗದವನು ಹೊರಗೆ ಹೋದ. ಮರುದಿನ ಬೆಳಿಗ್ಗೆ ತಿರುವಿನಲ್ಲಿ ಅರದಿಂದ ಉದುರಿದ ಲೋಹದ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಬೇಕರಿಯ ಅಕ್ಕ ಅದನ್ನೂ ಗುಡಿಸಿದಳು.

ಶಾಲೆಗೆ ಹೊರಡುವ ಮುಂಚೆ ಅಮ್ಮ ಬುಗುರಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಹನಿಯೊಂದು ಬುಗುರಿಯ ಕತ್ತಿನ ಮೇಲೆ ಬಿತ್ತು.

“ಅವನು ನನ್ನ ತಮ್ಮ ಕಣೆ. ಎತ್ತಿ ಆಡಿಸಿ ಬೆಳೆಸಿದೀನಿ,” ಎಂದಳು ಅಮ್ಮ.

“ಬೀಗದವನಿಗೆ ಅಕ್ಕ ಇಲ್ವಾ ಅಮ್ಮ?”

ಬಾಚಣಿಗೆ ನಿಂತಿತು. “ಇರ್ತಾಳೆ,” ಎಂದಳು ಅಮ್ಮ. ಮತ್ತೆ ಬಾಚತೊಡಗಿದಳು.

ಬುಗುರಿ ಮೆಲ್ಲಗೆ ತಲೆ ಬಿಡಿಸಿಕೊಂಡು ಎದ್ದು ಕನ್ನಡಿಯ ಮುಂದೆ ಹೋಗಿ ನಿಂತಳು. ಕೂದಲನ್ನು ಮೂರು ಭಾಗ ಮಾಡಿ ತಾನೇ ಹೆಣೆಯತೊಡಗಿದಳು. ಜಡೆ ಸೊಟ್ಟಗೆ ಬಂತು. ಬಿಚ್ಚಿ ಮತ್ತೆ ಹೆಣೆದಳು. ಅಮ್ಮ ಬಾಚಣಿಗೆ ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ಯಾವತ್ತೂ ಬುಗುರಿ ಅವಳಿಗೆ ಬಾಚಲು ತಲೆ ಕೊಡಲಿಲ್ಲ.