ಬೀಡಾದೊಳಗಿನ ಮಧುನಾಶಿನಿ

ಮಂಡಲಾ ಪೇಟೆಯ ಮಿಠಾಯಿಗಾರ ದ್ವಾರಕಾಪ್ರಸಾದನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಮಾತ್ರೆ ನುಂಗುತ್ತಿದ್ದ, ರುಚಿ ನೋಡುವ ನೆಪದಲ್ಲಿ ಪೇಡಗಳನ್ನೂ ನುಂಗುತ್ತಿದ್ದ. ಹೆಂಡತಿ ಫೂಲವತಿ ಹೇಳಿ ಹೇಳಿ ಸೋತಳು.

"ಮಿಠಾಯಿ ಮಾಡೋನು ನಾಲಿಗೆ ಕಟ್ಟಾಕ್ಕೊಂಡು ಕೂರೋಕಾಗುತ್ತೇನೆ?" ಎಂದು ನಗುತ್ತಿದ್ದ.

ಕೊನೆಗೆ ಅವಳು ಸಂತೆಯಲ್ಲಿ ಬೇರುನಾರು ಮಾರುವ ಗೊಂಡ ಬುಡಕಟ್ಟಿನ ಮುದುಕಿಯಿಂದ ಮಧುನಾಶಿನಿ ಎಲೆ ತಂದಳು. ಅದನ್ನು ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ. ಊಟವಾದ ಮೇಲೆ, ಒಲೆಯ ಮುಂದೆ ಕೂರುವ ಮುನ್ನ, ಗಂಡನಿಗೆ ಕೊಡುವ ಬೀಡಾದೊಳಗೆ ಆ ಎಲೆಯನ್ನು ಅಡಗಿಸಿದಳು. ಸಿಹಿ ಹತ್ತದಿದ್ದರೆ ತಾನಾಗಿಯೇ ಬಿಡುತ್ತಾನೆ ಎಂಬುದು ಅವಳ ಎಣಿಕೆ.

ಬಿಟ್ಟದ್ದೇನೋ ನಿಜ. ಆದರೆ ಖೋವಾಕ್ಕೆ ಸಕ್ಕರೆ ಬೆರೆಸುತ್ತ ಚೂರು ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಯಿತು. ಇನ್ನಷ್ಟು ಸುರಿದ. ಮರುದಿನ ಗಿರಾಕಿಯೊಬ್ಬ, "ಏನ್ ಸೇಠ್, ಪೇಡದಲ್ಲಿ ಖೋವಾ ಎಲ್ಲಿದೆ ಅಂತ ಹುಡುಕ್ಬೇಕು. ಸಕ್ಕರೆ ಮೂಟೆ ಹರಿದ್ಬಿತ್ತಾ?" ಎಂದ. ಅಂಗಡಿಯಲ್ಲಿದ್ದವರು ನಕ್ಕರು. ದ್ವಾರಕಾಪ್ರಸಾದ ನಗಲಿಲ್ಲ.

ಅವನ ಅಪ್ಪನಿಗೆ ಇದೇ ಕಾಯಿಲೆಯಲ್ಲಿ ಕಣ್ಣು ಹೋಗಿತ್ತು. ತನಗೆ ನಾಲಿಗೆಯಿಂದ ಶುರುವಾಗಿದೆ ಎಂದುಕೊಂಡ. ಕೈಯನ್ನು ಮುಖದ ಮುಂದೆ ಹಿಡಿದು, ಹಿಂದೆ ಸರಿಸಿ, ಬೆರಳು ಕಾಣುತ್ತವೆಯೇ ಎಂದು ನೋಡಿಕೊಳ್ಳುವುದನ್ನು ಫೂಲವತಿ ಕಂಡಳು. ಆದರೂ ಬೀಡಾ ಮಡಚುವಾಗ ಕೈ ಆ ಎಲೆಗೇ ಹೋಗುತ್ತಿತ್ತು. ಪೇಡ ತಿನ್ನುವುದು ನಿಂತಿತ್ತಲ್ಲ.

ಒಂದು ಮಧ್ಯಾಹ್ನ ಅವನು ತಮ್ಮ ರಾಮದೀನನನ್ನು ಕರೆದು ಸಟ್ಟುಗ ಕೊಟ್ಟ. "ಇನ್ಮೇಲೆ ಒಲೆ ನೀನೇ ನೋಡ್ಕೊ. ನನ್ ಬಾಯಿ ಸತ್ತೋಯ್ತು. ಇನ್ನು ಕಣ್ಣು."

ಫೂಲವತಿಗೆ ತಡೆಯಲಾಗಲಿಲ್ಲ. "ಬಾಯಿಗೇನೂ ಆಗಿಲ್ಲ ಕಣ್ರೀ. ಬೀಡಾದಲ್ಲಿ ನಾನೇ ಮಧುನಾಶಿನಿ ಇಡ್ತಿದ್ದೆ."

ಅವನು ಕೂಗಾಡಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಗೋಡೆಗೊರಗಿ ಕೂತ. ಸಂಜೆಗೆ ಪೇಡದ ಒಂದು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡ. ಸಿಹಿ ಹತ್ತಿತು, ಕಣ್ಣಲ್ಲಿ ನೀರು ಬಂತು.

"ನನ್ ಒಳ್ಳೇದಕ್ಕೆ ಮಾಡ್ದೆ, ಸರಿ. ನಾನು ಹೆದರಿ ಸಾಯ್ತಿದ್ದಾಗ ಪಕ್ಕದಲ್ಲೇ ಇದ್ಯಲ್ಲೇ. ಆಗ್ಲಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವಳು ಉಳಿದ ಎಲೆಗಳ ಪೊಟ್ಟಣವನ್ನು ತಂದು ಅವನ ಮುಂದಿಟ್ಟಳು.

ಡಾಕ್ಟರನ್ನು ಕೇಳಿಕೊಂಡು, ಅಂಗಡಿ ಮುಚ್ಚಿದ ಮೇಲೆ ಉಳಿದ ಪೇಡಕ್ಕೆ ಕೈ ಹೋಗದಿರಲೆಂದು ಈಗ ಅವನು ತಾನೇ ಆ ಎಲೆ ಅಗಿಯುತ್ತಾನೆ. ಪೇಡದ ರುಚಿ ನೋಡುವ ಕೆಲಸ ಫೂಲವತಿಯದು. "ಸಕ್ಕರೆ ಸಾಕೇನೆ?" ಎಂದು ಒಲೆಯ ಮುಂದಿನಿಂದ ಚೂರೊಂದನ್ನು ಚಾಚುತ್ತಾನೆ. ಅವನ ಮುಖ ನೋಡದೆ ತೆಗೆದುಕೊಂಡು, "ಸಾಕು" ಎನ್ನುತ್ತಾಳೆ.